ಗೇರಿಗೆ ಬೀಳದ ಕಾರು

ನವೆಂಬರ್ 16, 2025, ಭಾನುವಾರ

“ಇಲ್ಲಿ ಸೇರಿರುವ ಎಲ್ಲರಿಗೂ ನನ್ನ ಮತ್ತು ಪದ್ಮಳ ಕೃತಜ್ಞತೆಗಳು. ಮೂರು ತಿಂಗಳಿಂದ ನಾವು ಮಗಳ ಮನೆಗೆ ಬಂದಾಗಲೆಲ್ಲ ಊಟ ತಲುಪಿಸಿದ್ದೀರಿ, ಅವಳ ಅಂಗಳದ ಎಲೆ ಗುಡಿಸಿಕೊಟ್ಟಿದ್ದೀರಿ, ಇಂದು ಕೆಲಸ ಬಿಟ್ಟು ಬಂದಿದ್ದೀರಿ. ಅದಕ್ಕೆ ನಾವು ಋಣಿಗಳು. ಆದರೆ ನಿಮ್ಮ ಅನುಕಂಪವನ್ನು ನಾನು ಸ್ವೀಕರಿಸಲಾರೆ. ಯಾರ ಕೈಯಲ್ಲೂ ಇಲ್ಲದ ಸಂಗತಿಗೆ ಅನುಕಂಪ ಸಲ್ಲುತ್ತದೆ. ನನ್ನ ಮಗಳು ಸಿಯಾ ಸಿಡಿಲು ಬಡಿದು ಸತ್ತವಳಲ್ಲ. ಆಗಸ್ಟ್ ಹದಿನೇಳರ ಭಾನುವಾರ, ಸಂಜೆ ನಾಲ್ಕು ಗಂಟೆಗೆ, ಒಳ್ಳೆಯ ಬಿಸಿಲಿನಲ್ಲಿ, ಕುಡಿದಿದ್ದ ಒಬ್ಬ ಮನುಷ್ಯ ತನ್ನ ಕಾರನ್ನು ಅವಳ ಕಾರಿಗೆ ತಂದು ಗುದ್ದಿದ. ಅವನು ಆ ಕಾರು ಕೊಂಡು ಐದು ತಿಂಗಳಾಗಿತ್ತು. ಬೆನ್ನು ಬಿಸಿ ಮಾಡುವ ಸೀಟು ಅದರಲ್ಲಿತ್ತು. ಬೆಲ್ಟು ಹಾಕದಿದ್ದರೆ ಕಿರುಚುವ ಗಂಟೆ, ಗೆರೆ ದಾಟಿದರೆ ನಡುಗುವ ಸ್ಟಿಯರಿಂಗ್ ಎಲ್ಲವೂ ಇದ್ದವು. ಓಡಿಸುವವನು ಕುಡಿದಿದ್ದಾನೆಯೇ ಎಂದು ನೋಡುವ ಸಾಧನ ಮಾತ್ರ ಇರಲಿಲ್ಲ. ಅದು ಇರಬೇಕಾಗಿಲ್ಲವೆಂದು ಯಾರೋ ಎಲ್ಲೋ ಕುಳಿತು ತೀರ್ಮಾನಿಸಿದ್ದಾರೆ. ತೀರ್ಮಾನಕ್ಕೆ ಅನುಕಂಪ ಉತ್ತರವಾಗುವುದಿಲ್ಲ.”

ಮಗಳು ವಾಸವಿದ್ದ ಅರೋರಾದ ದೇವಸ್ಥಾನದ ಸಭಾಂಗಣದಲ್ಲಿ, ಅವಳ ಸ್ಮರಣೆಯ ಸಭೆಯಲ್ಲಿ ಇಂದು ನಾನು ಆಡಿದ ಮಾತುಗಳನ್ನು ನೆನಪಿರುವಾಗಲೇ ಬರೆದಿಟ್ಟೆ. ನಾಲ್ಕು ನಿಮಿಷ. ಕಾಗದ ನೋಡಲಿಲ್ಲ. ಮುಗಿದ ಮೇಲೆ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಒಬ್ಬಾಕೆ ಎದ್ದು ಚಿತ್ರಾನ್ನದ ಪಾತ್ರೆಯ ಮುಚ್ಚಳ ತೆಗೆದರು.

ಪಾರ್ಕಿಂಗ್‌ನಲ್ಲಿ ಹಳೆಯ ಗೆಳೆಯ ಮುನೀರ್ ನನ್ನನ್ನು ಹಿಡಿದುಕೊಂಡ. “ಲೇ ಸೋಮು, ಜನ ಅಳೋಕೆ ಬಂದಿದ್ರಪ್ಪ. ನೀನು ಅವರಿಗೆ ಅಳೋಕೂ ಬಿಡ್ಲಿಲ್ಲ.”

“ಅಳುವುದಕ್ಕೆ ನನ್ನ ಅಪ್ಪಣೆ ಬೇಕಾಗಿಲ್ಲ.”

“ಇದನ್ನೇ ಬರೆದು ಕೊಡಲೇ. ಹೀಗೆ ಕುಡುಕರ ಕಾರಿಗೆ ತಮ್ಮವರನ್ನ ಕಳ್ಕೊಂಡ ಹತ್ತೊಂಬತ್ತು ಮನೆಯವರ ಪತ್ರ ವಾಷಿಂಗ್ಟನ್‌ಗೆ ಕಳಿಸ್ತಾ ಇದೀನಿ. ಎಲ್ಲ ಹೊಸ ಕಾರಿಗೂ ಈ ಸಾಧನ ಹಾಕ್ಬೇಕು ಅಂತ ಕಾನೂನು ಮಾಡಿ ನಾಲ್ಕು ವರ್ಷ ಆಯ್ತು, ಇನ್ನೂ ನಿಯಮ ಬಂದಿಲ್ಲ. ನೀನು ಅಪ್ಪನೂ ಹೌದು, ಆ ಕೆಲಸದ ಎಂಜಿನಿಯರೂ ಹೌದು. ನಿನ್ನ ಮಾತು ಕೇಳ್ತಾರೆ.”

ಅಂಕಿಅಂಶ ಕೈಗೆ ಬರುವವರೆಗೆ ಬರೆಯುವುದಿಲ್ಲವೆಂದೆ. ಅವನು ನಮ್ಮ ಕಾರಿನ ಬಾಗಿಲು ತೆರೆದುಕೊಟ್ಟ. ಅಂದು ಮಗಳು ಹೊರಟಿದ್ದದ್ದು ಹಾಫ್‌ಮನ್ ಎಸ್ಟೇಟ್ಸ್‌ನ ಅವನ ಮನೆಗೇ, ಚಹಾಕ್ಕೆ.

ನಮ್ಮ ಊರು ಪ್ಲಿಮತ್ ತಲುಪಲು ಐದು ಗಂಟೆ ಹಿಡಿಯಿತು. ಪದ್ಮ ದಾರಿಯುದ್ದಕ್ಕೂ ಎರಡು ಮಾತಾಡಿದಳು. ಎರಡೂ ಹೆದ್ದಾರಿಯ ಎಕ್ಸಿಟ್ ಬಗ್ಗೆ.

ನವೆಂಬರ್ 24, ಸೋಮವಾರ

ಬೇರೆ ಯಾರೂ ಓದದ ಪುಸ್ತಕವಾದ್ದರಿಂದ ಇಲ್ಲಿ ಬರೆಯಬಹುದು. ಈ ಸಾಧನ ಇನ್ನೂ ಸಿದ್ಧವಾಗಿಲ್ಲ, ನಿಯಮವನ್ನು ಮುಂದೂಡಿ ಎಂದು ಎರಡು ವರ್ಷದ ಹಿಂದೆ ನಮ್ಮ ಕಾರು ಕಂಪನಿ ಸರ್ಕಾರಕ್ಕೆ ಹನ್ನೊಂದು ಪುಟದ ಆಕ್ಷೇಪಣೆ ಸಲ್ಲಿಸಿತು. ಕೆಳಗೆ ಕಂಪನಿಯ ಹೆಸರಿದೆ. ಬರೆದವನು ನಾನು.

ಅದರಲ್ಲಿ ದೋಷ ಹುಡುಕಲು ಇಂದು ಮತ್ತೆ ಓದಿದೆ. ಸಿಗಲಿಲ್ಲ. ಸಾಧನವು ಹತ್ತು ಸಾವಿರ ಸಲಕ್ಕೆ ಒಂದೇ ಸಲ ತಪ್ಪಿದರೂ, ಇಷ್ಟು ದೊಡ್ಡ ದೇಶದಲ್ಲಿ ದಿನಕ್ಕೆ ಲಕ್ಷದಷ್ಟು ಮಂದಿ ಏನೂ ಕುಡಿಯದವರು ನಿಂತಲ್ಲೇ ನಿಲ್ಲುತ್ತಾರೆ: ಹೆರಿಗೆ ನೋವಿನವಳು, ಆಸ್ಪತ್ರೆಗೆ ಹೊರಟ ನರ್ಸ್, ಹಿಮದಲ್ಲಿ ಸಿಕ್ಕಿಕೊಂಡ ವೃದ್ಧ. ಈ ವಾದ ಅಂದು ನಿಂತಿತು, ಇಂದೂ ನಿಲ್ಲುತ್ತದೆ. ಇನ್ನೊಂದು ಮಾತು. ನಾನು ಬರೆಯದೇ ಇದ್ದಿದ್ದರೂ, ನಿಯಮ ಸಕಾಲಕ್ಕೆ ಬಂದಿದ್ದರೂ, ತಯಾರಕರಿಗೆ ಕೊಡುವ ಅವಧಿ ಮುಗಿಯುವ ಮೊದಲೇ ಕೊಂಡ ಆ ಮನುಷ್ಯನ ಕಾರಿನಲ್ಲಿ ಸಾಧನ ಇರುತ್ತಿರಲಿಲ್ಲ. ದಿನಾಂಕಗಳನ್ನು ನಾಲ್ಕು ಬಾರಿ ಪರಿಶೀಲಿಸಿದ್ದೇನೆ.

ಮುನೀರನಿಗೆ ಇದು ತಿಳಿಯದು. ದಾವಣಗೆರೆಯ ಕಾಲೇಜಿನಿಂದ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದವರು ನಾವಿಬ್ಬರು. ಒಂದು ಕಾಲೇಜಿಗೆ ಇಬ್ಬರು, ಒಬ್ಬ ಪರ, ಇನ್ನೊಬ್ಬ ವಿರೋಧ, ಪಾರಿತೋಷಕ ಮಾತ್ರ ಸೇರಿ ಒಂದೇ. ಅವನದು ಯಾವಾಗಲೂ ಪರ. ಮೂರು ವರ್ಷ ಒಂದೇ ಬಸ್ಸಿನಲ್ಲಿ ಹೋಗಿ, ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಹರಿದು ಹಾಕಿ, ಪಾರಿತೋಷಕವನ್ನು ಟವಲಿನಲ್ಲಿ ಸುತ್ತಿಕೊಂಡು ತಂದೆವು.

ಇಂದು ಪ್ರಯೋಗದ ಕಾರನ್ನು ಮನೆಗೆ ತಂದೆ. ಗುಂಡಿ ಒತ್ತಿದಾಗ ಸಣ್ಣ ಬೆಳಕೊಂದು ಬೆರಳ ತುದಿಯಿಂದ ರಕ್ತದಲ್ಲಿರುವ ಆಲ್ಕೋಹಾಲನ್ನು ಓದುತ್ತದೆ. ಮಿತಿ ಮೀರಿದ್ದರೆ ಎಂಜಿನ್ ಚಾಲೂ ಆಗುತ್ತದೆ, ಹೀಟರೂ ಓಡುತ್ತದೆ. ಕಾರು ಗೇರಿಗೆ ಮಾತ್ರ ಬೀಳುವುದಿಲ್ಲ. ನನಗೊಂದು ಕೀ, ಪದ್ಮಳಿಗೊಂದು ಕೀ; ಬೇರೆ ಯಾರೂ ಓಡಿಸುವಂತಿಲ್ಲ. ಯಾವ ಕೀ, ಯಾವ ಹೊತ್ತು, ಬೆರಳಿನಲ್ಲಿ ಓದಿದ ಆಲ್ಕೋಹಾಲ್ ಎಷ್ಟು, ಎಲ್ಲವೂ ದಾಖಲಾಗುತ್ತದೆ. ಬೆರಳು ಯಾರದೆಂಬುದು ಮಾತ್ರ ಅದಕ್ಕೆ ತಿಳಿಯದು. ತಡೆ ಬಂದರೆ ಅದರ ಕಾರಣವನ್ನು ನಾನು ಬರೆಯಬೇಕು. ಫಲಿತಾಂಶವನ್ನು ಫೆಬ್ರವರಿ ಕೊನೆಗೆ ಕಂಪನಿ ವಾಷಿಂಗ್ಟನ್‌ಗೆ ಕಳುಹಿಸಲಿದೆ.

ನನ್ನ ಮೇಲಧಿಕಾರಿ ದೇವ್‌ಗೆ ಮೂವತ್ತನಾಲ್ಕು ವರ್ಷ, ಇಲ್ಲೇ ಹುಟ್ಟಿದ ಕನ್ನಡದ ಹುಡುಗ. ಆಫೀಸಿನಲ್ಲಿ ‘ಸೋಮ್’ ಎನ್ನುವವನು ಕೀ ಕೊಡುವಾಗ “ಅಂಕಲ್, ಆರ್ ಯೂ ಶೂರ್?” ಎಂದ. ಈ ಮನೆಗೆ ಮದ್ಯ ಎಂದೂ ಬಂದಿಲ್ಲ, ಆದ್ದರಿಂದ ನಮ್ಮಲ್ಲಿ ಬರುವ ಯಾವ ತಡೆಯಾದರೂ ಸಾಧನದ ತಪ್ಪೆಂದೇ ಸಿದ್ಧವಾಗುತ್ತದೆ, ಇದಕ್ಕಿಂತ ಶುದ್ಧವಾದ ಪರೀಕ್ಷೆ ನಿನಗೆ ಸಿಗದು ಎಂದೆ.

ಡಿಸೆಂಬರ್ 9, ಮಂಗಳವಾರ

ಎಂಟು ಡಿಗ್ರಿ ಫ್ಯಾರನ್‌ಹೀಟ್, ಹೆಪ್ಪುಗಟ್ಟಿಸುವ ಚಳಿ. ಅರವತ್ತೊಂದು ಬಾರಿ ಚಾಲೂ ಮಾಡಿದ್ದೇವೆ, ಒಂದೂ ತಡೆಯಿಲ್ಲ. ಕೈಗವಸು ತೆಗೆದ ತಕ್ಷಣ ಒತ್ತಿದರೂ ಇಲ್ಲ. ಚಳಿಯಲ್ಲಿ ತಪ್ಪುತ್ತದೆಂದು ಆಕ್ಷೇಪಣೆಯ ಆರನೆಯ ಪುಟದಲ್ಲಿ ಬರೆದಿದ್ದೆ. ಕಾಯೋಣ.

ಪದ್ಮ ಸೊರಗಿದ್ದಾಳೆಂದು ಮೈಸೂರಿನಿಂದ ಅವಳ ಅಕ್ಕ ಫೋನಿನಲ್ಲಿ ದ್ರಾಕ್ಷಾರಿಷ್ಟ ಹೇಳಿದ್ದರು. ಇಂಡಿಯನ್ ಸ್ಟೋರ್‌ನಿಂದ ಹನ್ನೆರಡು ಬಾಟಲಿಯ ಪೆಟ್ಟಿಗೆಯನ್ನೇ ತಂದಿದ್ದಾಳೆ. ಮೊದಲು ಊಟದ ಮೇಲೆ ಎರಡು ಚಮಚ ಇತ್ತು. ಈಗ ಮಧ್ಯಾಹ್ನವೂ ಮರೆಯದೆ ತೆಗೆದುಕೊಳ್ಳುತ್ತಾಳೆ. ಬೇಗ ನಿದ್ದೆ ಬರುತ್ತದಂತೆ. ಇಂಥ ಕಾಲದಲ್ಲೂ ಒಬ್ಬರು ಔಷಧಿಯ ಶಿಸ್ತು ಬಿಡದಿರುವುದು ನನಗೆ ಮೆಚ್ಚುಗೆಯಾಯಿತು.

ಜನವರಿ 11, 2026, ಭಾನುವಾರ

ತಡೆ ಬಂತು. ನೂರಾ ಮೂವತ್ತೆಂಟನೆಯ ಬಾರಿ.

ಎರಡೂ ನಲವತ್ತಕ್ಕೆ ಪದ್ಮ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು ಕೂಗಿದಳು. “ರೀ, ಆ ಕಾರು ಹೋಗ್ತಾ ಇಲ್ಲ.” ಭಾನುವಾರ ಮೂರು ಗಂಟೆಗೆ ಪಕ್ಕದ ಕ್ಯಾಂಟನ್‌ನಲ್ಲಿ ಹದಿನಾಲ್ಕು ಮಕ್ಕಳಿಗೆ ಅವಳು ಕನ್ನಡ ಅಕ್ಷರ ಕಲಿಸುತ್ತಾಳೆ. ಹೋಗಿ ನೋಡಿದರೆ ಪರದೆಯ ಮೇಲೆ ಕೆಂಪು. ನನ್ನ ಕೀ, ನನ್ನ ಬೆರಳು ಹಾಕಿದೆ. ತಕ್ಷಣ ಗೇರಿಗೆ ಬಿತ್ತು. ಒಂದು ಹನಿ ಮದ್ಯವನ್ನೂ ಮುಟ್ಟದ ಹೆಂಗಸನ್ನು ಯಂತ್ರ ಕುಡುಕಿಯೆಂದು ನಿಲ್ಲಿಸಿದೆ! ಆರನೆಯ ಪುಟ, ಏಳನೆಯ ಪುಟ, ಎಲ್ಲವೂ ಕಣ್ಣೆದುರು ನಿಂತಂತಾಯಿತು.

ದಾಖಲೆ ನೋಡಬೇಕಾಗಿದ್ದರಿಂದ ಅವಳಿಗೆ ಹಳೆಯ ಕಾರಿನ ಕೀ ಕೊಟ್ಟೆ.

“ಇವತ್ತು ಬೇಡ ಬಿಡ್ರೀ. ಕ್ಲಾಸ್ ಇಲ್ಲ ಅಂತ ಮೆಸೇಜ್ ಹಾಕ್ತೀನಿ.”

“ಯಂತ್ರ ತಪ್ಪಿದ್ದಕ್ಕೆ ಹದಿನಾಲ್ಕು ಮಕ್ಕಳು ಪಾಠ ಕಳೆದುಕೊಳ್ಳಬೇಕೆ? ಹೋಗು.”

ಅವಳು ಕೀಯನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. ಹೋದಳು. ಹಿಂದಿರುಗುವಾಗ ನಮ್ಮ ಅಂಚೆಪೆಟ್ಟಿಗೆಯ ಕಂಬಕ್ಕೆ ಕಾರು ತಾಗಿಸಿ ಬಗ್ಗಿಸಿದ್ದಾಳೆ. ಮನೆ ಮುಂದಿನ ಡ್ರೈವ್‌ವೇಯಲ್ಲಿ ಮಂಜುಗಡ್ಡೆ ಕಟ್ಟಿತ್ತು. ಅದನ್ನು ಕರಗಿಸಲು ಉಪ್ಪು ಹಾಕದಿದ್ದದ್ದು ನನ್ನ ತಪ್ಪು.

ಜನವರಿ 13, ಮಂಗಳವಾರ

ಕಾರಣ ಪದ್ಮಳ ಬೆರಳಿನಲ್ಲಿರಬೇಕು. ಬೆಳಕಿನಿಂದ ಓದುವ ಸಾಧನವನ್ನು ಬಣ್ಣ, ಜಿಡ್ಡು ದಾರಿ ತಪ್ಪಿಸಬಹುದು. ಕಂಪನಿಯ ಪ್ರಯೋಗಶಾಲೆಯಲ್ಲಿ ಒಗ್ಗರಣೆ ಹಾಕಿದ ಕೈಯನ್ನು ಯಾರೂ ಪರೀಕ್ಷಿಸಿಲ್ಲ.

ಸಂಜೆ ಅರಿಸಿನ ಕಲಸಿ ಬೆರಳಿಗೆ ಹಚ್ಚಿಕೊಂಡು ಒತ್ತಿದೆ. ಹಸಿರು. ಕೊಬ್ಬರಿ ಎಣ್ಣೆ: ಹಸಿರು. ಕುಂಕುಮ, ಇಂಗು, ಹುಣಸೆಹಣ್ಣಿನ ರಸ: ಹಸಿರು. ಎಲ್ಲವನ್ನೂ ಬೆರೆಸಿ ಹಚ್ಚಿದೆ. ಹಸಿರು. ಎದುರು ಮನೆಯವರು ಕಸದ ಡಬ್ಬಿ ಎಳೆಯುತ್ತಾ ನಿಂತು ನೋಡಿ, ಕೈ ಬೀಸಿ ಹೋದರು. ಕುಂಕುಮದ ಕೈಯಲ್ಲೇ ನಾನೂ ಬೀಸಿದೆ.

ಪದ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನಗುತ್ತಿದ್ದಳು, ತುಂಬಾ ಹೊತ್ತು, ಕಣ್ಣಲ್ಲಿ ನೀರು ಬರುವಷ್ಟು. ಆಗಸ್ಟಿನ ನಂತರ ಅವಳು ನಕ್ಕದ್ದು ಇದೇ ಮೊದಲು. ಸಾರಿಗೆ ಎರಡು ಬಾರಿ ಉಪ್ಪು ಬಿದ್ದಿತ್ತು. ಏನೂ ಹೇಳದೆ ತಿಂದೆ.

ಜನವರಿ 25, ಭಾನುವಾರ

ಎರಡನೆಯ ತಡೆ. ಆದರೆ ಇಂದು ಬರೆಯಬೇಕಾದದ್ದು ಬೇರೆ.

ನಾಲ್ಕೂವರೆಗೆ ಕಾಫಿಗೆಂದು ಮೇಲೆ ಬಂದೆ. ಕ್ಲಾಸಿಗೆ ಹೋಗಿದ್ದಾಳೆಂದುಕೊಂಡಿದ್ದ ಪದ್ಮ ಡ್ರೈವ್‌ವೇಯಲ್ಲಿ ಪ್ರಯೋಗದ ಕಾರಿನೊಳಗೆ ಕುಳಿತಿದ್ದಳು. ಹೀಟರ್ ಓಡುತ್ತಿತ್ತು. ಎರಡೂ ನಲವತ್ತರಿಂದ ಆರು ಬಾರಿ ಗುಂಡಿ ಒತ್ತಿದ್ದಾಳೆ, ಆರು ಬಾರಿಯೂ ಕೆಂಪು. ಒಂದೂಮುಕ್ಕಾಲು ಗಂಟೆ!

“ಒಳಗೆ ಬಂದು ನನಗೆ ಹೇಳಬಾರದಿತ್ತೆ?”

“ಹೇಳಿದ್ರೆ ನೀವು ಇನ್ನೊಂದು ಕೀ ಕೊಡ್ತಿದ್ರಿ.”

ಕೊಡುತ್ತಿದ್ದೆ. ಅದರಲ್ಲಿ ಆಕ್ಷೇಪಿಸುವಂಥದ್ದು ಏನೆಂದು ಕೇಳಿದೆ. ಅವಳು ಹೀಟರ್ ಆರಿಸಿ ಒಳಗೆ ಹೋದಳು. 

ಜನವರಿ 31, ಶನಿವಾರ

ಮುನೀರ್ ಮತ್ತು ಅವನ ಹೆಂಡತಿ ತಾಹೇರಾ ಬಂದಿದ್ದರು, ಬಿರಿಯಾನಿಯ ದೊಡ್ಡ ಡಬ್ಬಿಯೊಂದಿಗೆ. ಊಟದ ನಡುವೆಯೇ ಮುನೀರ್ ಶುರು ಮಾಡಿದ.

“ಹತ್ತೊಂಬತ್ತಾಗಿದ್ದು ಈಗ ಇಪ್ಪತ್ತಾರು ಮನೆ. ನಿನ್ನದೊಂದೇ ಬಾಕಿ. ಏನಂತೀ?”

“ಎರಡು ತಪ್ಪು ತಡೆಗಳು ಬಂದಿವೆ, ಮುನೀರ್. ಏನೂ ಕುಡಿಯದ ಮನುಷ್ಯರ ಮೇಲೆ.”

“ಬರಲಿ ಬಿಡಲೇ! ಅರ್ಧ ಗಂಟೆ ತಡ ಆಗ್ತದೆ ಅಷ್ಟೆ. ಸಿಯಾಗೆ ಏನಾಯ್ತು ಅಂತ ನೋಡು, ಅರ್ಧ ಗಂಟೆಗೆ ಏನಾಗ್ತದೆ ಅಂತ ನೋಡು.”

“ಇದು ಭಾವುಕತೆ.”

“ಹೌದಲೇ, ಭಾವುಕತೆ. ಅವಳಿಗೆ ಅಂತ ಇಟ್ಟಿದ್ದ ಕಪ್ ಇನ್ನೂ ಕಪಾಟಲ್ಲಿದೆ, ಯಾರಿಗೂ ಕೊಡೋದಿಲ್ಲ ತಾಹೇರಾ. ಹೋಗು, ಅದಕ್ಕೂ ಅಂಕಿಅಂಶ ಕೇಳು.”

ತಾಹೇರಾ ಹುಬ್ಬಳ್ಳಿಯವಳು, ಅಲ್ಲಿನ ಮಾತನ್ನು ಇನ್ನೂ ಬಿಟ್ಟಿಲ್ಲ. ಇಡೀ ಮಧ್ಯಾಹ್ನ ಪದ್ಮಳೊಂದಿಗೆ ಅಡುಗೆಮನೆಯಲ್ಲಿದ್ದವಳು, ಹೊರಡುವಾಗ ಕೋಟು ಹಾಕಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು: “ಅಣ್ಣಾರ, ಒಂದ್ ನಾಲ್ಕ್ ದಿನ ಆಫೀಸ್ ಬಿಡ್ರಿ. ಅಕ್ಕಾರ ಕೂಡ ಕುಂದರ್ರಿ. ಬಾಗಲಾ ಹಾಕ್ಕೊಂಡು ಸುಮ್ನ ಕುಂದರ್ರಿ.” ನಮ್ಮ ಮೇಲಿನ ಕನಿಕರಕ್ಕೆ ಕೃತಜ್ಞನೆಂದೆ. “ಕನಿಕರ ಅಲ್ರಿ ಇದು,” ಎಂದು ಅವಳು ನನ್ನ ಮುಖವನ್ನೇ ನೋಡಿದಳು. ಮುನೀರ್ ಹಾರ್ನ್ ಒತ್ತಿದ.

ಫೆಬ್ರವರಿ 8, ಭಾನುವಾರ

ಮೂರನೆಯ ತಡೆ. ಎರಡು ಐವತ್ತಕ್ಕೆ, ಪದ್ಮಳ ಕೀ. ಈ ಬಾರಿ ನಾನೇ ಅವಳನ್ನು ಹಳೆಯ ಕಾರಿನಲ್ಲಿ ಕ್ಲಾಸಿಗೆ ಕರೆದೊಯ್ದೆ. ದಾರಿಯಲ್ಲಿ ನಿದ್ದೆ ಹೋದಳು. ಎಬ್ಬಿಸಿದಾಗ “ಬಂತಾ ಅರೋರಾ?” ಎಂದಳು.

ಫೆಬ್ರವರಿ 10, ಮಂಗಳವಾರ

ವರದಿಯ ಕರಡು ಕಳುಹಿಸಿದೆ. ಇನ್ನೂರ ಹತ್ತು ಬಾರಿಗೆ ಮೂರು ದಿನ ಅಕಾರಣ ತಡೆ. ಹತ್ತು ಸಾವಿರಕ್ಕೆ ಒಂದೆಂದು ಅಂಜಿದ್ದೆ, ಇದು ಎಪ್ಪತ್ತಕ್ಕೆ ಒಂದು. ಹನ್ನೊಂದು ಪುಟಗಳಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ. ‘ಮದ್ಯ ಮುಟ್ಟದ, ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳನ್ನು ಈ ಸಾಧನ ಮೂರು ಬಾರಿ ತಡೆದಿದೆ’ ಎಂಬ ವಾಕ್ಯವನ್ನು ಮೊದಲ ಪುಟದಲ್ಲೇ ಇಟ್ಟಿದ್ದೇನೆ. ಭಾವುಕತೆಯನ್ನು ನಾನು ಬಳಸಿದ್ದು ಇದೇ ಮೊದಲು. ಪರಿಣಾಮಕಾರಿಯಾಗಿದೆ.

ದೇವ್ ಕೂಡಲೇ ಫೋನ್ ಮಾಡಿದ. “ಸೋಮ್, ದಿಸ್ ಈಸ್ ಹ್ಯೂಜ್. ಇನ್ನೊಂದೆರಡು ವರ್ಷ ಅಂತೂ ರೂಲ್ ಬರಲ್ಲ. ಎರಡನೇ ಸಲದ ರಾ ಡೇಟಾ ಒಂದು ಕಳಿಸಿಬಿಡಿ. ಇಪ್ಪತ್ತಮೂರನೇ ತಾರೀಕು ಫೈನಲ್ ಹೋಗ್ಬೇಕು.”

ಮುನೀರನಿಗೂ ತಿಳಿಸುವುದು ನ್ಯಾಯವೆನಿಸಿ ತಿಳಿಸಿದೆ. ಎರಡು ವರ್ಷದ ಹಿಂದಿನ ಆಕ್ಷೇಪಣೆಯನ್ನೂ ನಾನೇ ಬರೆದದ್ದೆಂದು ಹೇಳಿಬಿಟ್ಟೆ. 

“ಆ ಹನ್ನೊಂದು ಪುಟ ನಾನು ಓದೀನಿ. ಓದ್ತಾ ಯಾರೋ ಭಾರಿ ಆಸಾಮಿ ಅಂದ್ಕೊಂಡೆ. ಸೋಮು, ನಿನಗೆ ಗೆಲ್ಲೋದು ಬಿಟ್ಟು ಬೇರೆ ಏನಾದ್ರೂ ಬೇಕೇನಲೇ?”

ಫೋನ್ ಇಟ್ಟುಬಿಟ್ಟ. ವಾದದಲ್ಲಿ ಸೋತವರು ವ್ಯಕ್ತಿಯ ಮೇಲೆ ಹೋಗುತ್ತಾರೆ.

ಫೆಬ್ರವರಿ 14, ಶನಿವಾರ

ದೇವ್ ಕೇಳಿದ ಎರಡನೆಯ ತಡೆಯ ದಾಖಲೆ ತೆರೆದೆ. ಆರು ಬಾರಿ ಒತ್ತಿದ್ದಳಲ್ಲ, ಆರು ಅಳತೆಗಳನ್ನು ನಕ್ಷೆಯ ಮೇಲೆ ಇಟ್ಟೆ. ಕೆಟ್ಟ ಸಾಧನ ಮನಸ್ಸಿಗೆ ಬಂದಂತೆ ಮೇಲೆ ಕೆಳಗೆ ಜಿಗಿಯುತ್ತದೆ.

ಇದು ಜಿಗಿದಿಲ್ಲ. ಆರೂ ಚುಕ್ಕಿ ಒಂದೇ ಗೆರೆಯ ಮೇಲಿವೆ. ಗೆರೆ ಒಂದೇ ಸಮನೆ ಇಳಿಯುತ್ತದೆ. ಕುಡಿದವನ ರಕ್ತ ಗಂಟೆಗೆ ಎಷ್ಟು ಇಳಿಯಬೇಕೋ ಅಷ್ಟೇ.

ಅಡುಗೆಮನೆಯ ಕೆಳಗಿನ ಕಪಾಟು ತೆರೆದೆ. ದ್ರಾಕ್ಷಾರಿಷ್ಟ. ಖಾಲಿ ಬಾಟಲಿಗಳು ಮೂವತ್ತೊಂದು. ಲೇಬಲ್ಲಿನ ಮೇಲೆ ಸಣ್ಣ ಅಕ್ಷರದಲ್ಲಿ, ತಾನಾಗಿಯೇ ಹುಟ್ಟಿದ ಆಲ್ಕೋಹಾಲ್, ಶೇಕಡಾ ಎಷ್ಟು ಎಂದು ಬರೆದಿದೆ. ಓದಲು ಬಾರದ ಭಾಷೆಯೇನಲ್ಲ.

ಜನವರಿ ಹನ್ನೊಂದರಂದು ಅವಳ ಕೈಗೆ ಹಳೆಯ ಕಾರಿನ ಕೀ ಕೊಟ್ಟವನು ನಾನು. ಕ್ಯಾಂಟನ್‌ಗೆ ಆರು ಮೈಲಿ. ಅಲ್ಲಿ ಪಾರ್ಕಿಂಗ್‌ನಲ್ಲಿ ಹದಿನಾಲ್ಕು ಮಕ್ಕಳು.

ಫೆಬ್ರವರಿ 15, ಭಾನುವಾರ

ಕ್ಲಾಸಿಲ್ಲವೆಂದು ಪೋಷಕರಿಗೆ ನಾನೇ ಬರೆದೆ. ಎರಡು ಗಂಟೆಗೆ ಪದ್ಮ ಕಪಾಟಿನ ಬಾಗಿಲು ತೆರೆದಾಗ ಅಲ್ಲೇ ಮೇಜಿನ ಬಳಿ ಕುಳಿತಿದ್ದೆ. ಅವಳು ನನ್ನನ್ನು ನೋಡಿ, ಬಾಗಿಲು ಮುಚ್ಚಿ, ಎದುರಿಗೆ ಬಂದು ಕುಳಿತಳು. ಹೇಳಬೇಕಾದ ನಾಲ್ಕು ಅಂಶಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಚೀಟಿ ಜೇಬಿನಲ್ಲೇ ಉಳಿಯಿತು.

“ಯಾವಾಗಿನಿಂದ?” ಎಂದಷ್ಟೇ ಕೇಳಿದೆ.

“ಮೊದಲು ನಿದ್ದೆಗೆ ಅಂತ. ಆಮೇಲೆ ಭಾನುವಾರ ಮಧ್ಯಾಹ್ನಕ್ಕೆ ಅಂತ. ಊಟ ಆಗ್ತಿದ್ದ ಹಾಗೆ ಗಡಿಯಾರನೇ ನೋಡ್ತಿರ್ತೀನಿ ಕಣ್ರೀ. ನಾಲ್ಕು ಆಗೋದ್ರೊಳಗೆ ಏನೂ ಗೊತ್ತಾಗಬಾರದು ಅನ್ಸತ್ತೆ.” ಮೇಜಿನ ಬಟ್ಟೆ ಎಳೆದು ಸರಿಮಾಡುತ್ತಾ, “ಔಷಧಿ ತಾನೇ ಅಂದ್ಕೊಂಡೆ. ಆ ಕಾರು ಕೆಂಪು ತೋರಿಸಿದ ದಿನ ಗೊತ್ತಾಯ್ತು ಏನಾಗಿದೆ ಅಂತ. ಹೇಳೋಣ ಅಂತ ಮೆಟ್ಟಿಲ ಹತ್ರ ಬಂದೆ. ನೀವು ಆ ಕಾರನ್ನ ನೋಡಿ ಎಷ್ಟು ಖುಷಿ ಆದ್ರಿ.”

“ಹೋಗಬಾರದಿತ್ತು, ಪದ್ಮ.”

“ಹೋಗಬಾರದಿತ್ತು. ಪಾರ್ಕಿಂಗಲ್ಲಿ ಒಂದು ಮಗು ಕೈ ಬೀಸ್ತು, ನನಗೆ ಎರಡು ಕಾಣಿಸ್ತು. ಆಮೇಲೆ ಹಳೆ ಕಾರು ನಾನು ಮುಟ್ಟಿಲ್ಲ. ನೀವು ತಂದ ಕಾರಲ್ಲೇ ಕೂತಿರ್ತಿದ್ದೆ. ಅದು ಹೋಗು ಅಂದ್ರೆ ಹೋಗೋದು, ಬೇಡ ಅಂದ್ರೆ ಇಲ್ಲ. ಅದೊಂದು ನನ್ನನ್ನ ನಿಲ್ಲಿಸ್ತಿತ್ತು. ಅದನ್ನ ನೀವು ಅಕಾರಣ ಅಂತ ಬರ್ಕೊಂಡ್ರಿ.”

ಎದ್ದು ಕಪಾಟಿನ ಬಾಗಿಲು ತೆರೆದೆ.

ಮಿಕ್ಕಿದ್ದ ಬಾಟಲಿಗಳನ್ನು ಅವಳೇ ಒಂದೊಂದಾಗಿ ಸಿಂಕಿಗೆ ಸುರಿದಳು. ಮನೆಯೆಲ್ಲ ಬೆಲ್ಲ, ಲವಂಗದ ವಾಸನೆ. ಈ ವಾಸನೆ ತಿಂಗಳುಗಳಿಂದ ಇಲ್ಲಿತ್ತು. ನಾಲ್ಕು ಗಂಟೆಗೆ ಅವಳ ಕೈ ಹಿಡಿದುಕೊಂಡೆ. ಸಿಯಾ ನಾಲ್ಕು ವರ್ಷದವಳಿದ್ದಾಗ ಕಾರಿನ ಹಿಂದಿನ ಸೀಟಿನಿಂದ ನನಗೆ ದಾರಿ ಹೇಳುತ್ತಿದ್ದದ್ದನ್ನು ಪದ್ಮ ನೆನಪಿಸಿದಳು. ಎಲ್ಲ ತಿರುವಿನಲ್ಲೂ ‘ಲೆಫ್ಟ್, ಅಪ್ಪಾ’. ಬಲಕ್ಕೆ ತಿರುಗಿದರೆ ಅಳು. ಒಮ್ಮೆ ಸಿಯಾಳ ಮಾತು ಕೇಳಿ ಎಡಕ್ಕೇ ತಿರುಗುತ್ತಾ ಹೋಗಿ ನಮ್ಮ ಬಡಾವಣೆಯನ್ನೇ ಮೂರು ಸುತ್ತು ಹಾಕಿದ್ದೆವು. ಐದೂವರೆಯವರೆಗೆ ಹೀಗೇ ಮಾತಾಡಿದೆವು. ವರದಿಯ ಕೆಲಸ ಆಗಲಿಲ್ಲ.

ಫೆಬ್ರವರಿ 18, ಬುಧವಾರ

ರಜೆ ಹಾಕಿದ್ದೇನೆ. ನಾನು ಕರೆದದ್ದಕ್ಕೆ ತಾಹೇರಾ ಬಂದು ಮೂರು ದಿನದಿಂದ ಇಲ್ಲೇ ಇದ್ದಾಳೆ. ನಿನ್ನೆ ಇಬ್ಬರೂ ಪದ್ಮಳನ್ನು ಡಾಕ್ಟರ ಬಳಿ ಕರೆದೊಯ್ದೆವು. ವಾರಕ್ಕೆ ಎರಡು ಬಾರಿ ಹೋಗಬೇಕು. ಅಂದು ಅಡುಗೆಮನೆಯಲ್ಲಿ ವಾಸನೆ ಹಿಡಿದಿದ್ದಳಂತೆ ತಾಹೇರಾ. “ಹೇಳಿದ್ನಲ್ರಿ ಅಣ್ಣಾರ, ನೀವ್ ಥ್ಯಾಂಕ್ಯೂ ಅಂದ್ರಿ,” ಎಂದಳು.

ಈಗ ವರದಿ. ಕರಡಿನಲ್ಲಿರುವುದು ಸುಳ್ಳು. ಅದು ಹಾಗೇ ಹೋದರೆ ನಿಯಮ ಮತ್ತೆ ವರ್ಷಗಟ್ಟಲೆ ನಿಲ್ಲುತ್ತದೆ, ನನ್ನ ಸುಳ್ಳಿನ ಮೇಲೆ ನಿಲ್ಲುತ್ತದೆ. ತಿದ್ದಬೇಕು: ಸಾಧನ ಒಮ್ಮೆಯೂ ತಪ್ಪಲಿಲ್ಲ, ಓಡಿಸಲು ಹೊರಟವರು ನಿಜಕ್ಕೂ ಮಿತಿ ಮೀರಿ ಕುಡಿದಿದ್ದರು. ಹೊರಟವರು ಯಾರು ಎಂಬುದಕ್ಕೆ ದಾಖಲೆಯಲ್ಲಿ ಎರಡೇ ಹೆಸರು. ಮೂರು ಬಾರಿಯೂ ಪದ್ಮಳ ಕೀ.

ಅವಳಿಗೆ ಹೇಳಿದೆ. ಇಲ್ಲಿಯವರೆಗೆ ಆಫೀಸಿನ ವಿಷಯವನ್ನು ಅವಳಿಗೆ ಹೇಳುವ ಅಗತ್ಯ ಬಿದ್ದಿರಲಿಲ್ಲ.

“ನನ್ನ ಹೆಸರೇ ಬರೀರಿ,” ಎಂದಳು. “ನನಗೇನೂ ಆಗಲ್ಲ. ಸಿಯಾಗೋಸ್ಕರ ಬರೀರಿ.”

ಒಳಗೆ ಹೋಗಿ ಎರಡು ಹಾಳೆ ತಂದು ಮೇಜಿನ ಮೇಲಿಟ್ಟಳು. ಮುನೀರ್ ವಾಷಿಂಗ್ಟನ್‌ಗೆ ಕಳಿಸುವ ಕಟ್ಟಿಗಾಗಿ ಬರೆದ ಪತ್ರ. ಅವಳ ಇಂಗ್ಲಿಷಿನಲ್ಲಿದೆ, ವ್ಯಾಕರಣ ಅಲ್ಲಲ್ಲಿ ತಪ್ಪಿದೆ. ಭಾನುವಾರ ನಾಲ್ಕು ಗಂಟೆಗೆ ಒಂದು ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಬಿಟ್ಟು ಬೇರೇನೂ ಇಲ್ಲ. ವಾದವಿಲ್ಲ, ಬಾಟಲಿಯ ಮಾತೂ ಇಲ್ಲ. ಎರಡನೆಯ ಹಾಳೆಗೆ ಬರುವಾಗ ಕನ್ನಡಕ ಒರೆಸಿಕೊಳ್ಳಬೇಕಾಯಿತು. ತಿದ್ದಲು ತೆಗೆದಿದ್ದ ಪೆನ್ನನ್ನು ಜೇಬಿಗೆ ಹಾಕಿದೆ.

ಫೆಬ್ರವರಿ 20, ಶುಕ್ರವಾರ

ಪದ್ಮಳ ಪತ್ರ ಓದಿ ಮುನೀರ್ ಫೋನ್ ಮಾಡಿದ. ಹತ್ತು ದಿನದ ನಂತರ.

“ಇದನ್ನ ಎಲ್ಲದಕ್ಕಿಂತ ಮೇಲೆ ಇಡ್ತೀನಿ. ಮೊದಲನೇ ಪತ್ರ ಇದೇ. ಅತ್ತಿಗೆ ಮಾತಾಡೋಕೂ ಬರ್ತಾರೇನು, ಕೇಳು. ವಾಷಿಂಗ್ಟನ್‌ನವರು ಕರೆಸ್ತಾರಂತೆ.”

“ಕೇಳುತ್ತೇನೆ.”

“ನಿನ್ನ ವರದಿ?”

“ತಿದ್ದುತ್ತಿದ್ದೇನೆ.”

“ಯಾವ ಕಡೆಗೆ?”

ನಿನ್ನ ಕಡೆಗೆ ಎಂದೆ. ಅವನು ನಗಲಿಲ್ಲ, ಹಂಗಿಸಲೂ ಇಲ್ಲ. “ಊಟ ಆಯ್ತಾ?” ಎಂದು ಕೇಳಿದ. ತಾಹೇರಾ ಜೋಳದ ರೊಟ್ಟಿ ಮಾಡಿದ್ದಾಳೆಂದೆ.

ಆದರೆ ಫೋನ್ ಇಟ್ಟ ಮೇಲೆ ಹೊಳೆಯಿತು. ವರದಿಯಲ್ಲಿ ಪದ್ಮಳ ಹೆಸರು ಹೋದರೆ, ಈ ಪತ್ರ ಹೋಗುವಂತಿಲ್ಲ. ಎರಡೂ ತಲುಪುವುದು ಒಂದೇ ಊರಿಗೆ. ನಿಯಮ ಬೇಡವೆನ್ನುವವರಲ್ಲಿ ಒಬ್ಬನಾದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾನೆ. ಆ ಕಡೆಯಲ್ಲಿದ್ದಿದ್ದರೆ ನಾನು ನೋಡುತ್ತಿದ್ದೆ. ‘ಕುಡಿದು ಮಕ್ಕಳ ಕ್ಲಾಸಿಗೆ ಹೊರಟ ತಾಯಿ.’ ಆ ಒಂದು ವಾಕ್ಯಕ್ಕೆ ಇಪ್ಪತ್ತಾರು ಮನೆಗಳ ಪತ್ರಗಳೂ ಮಂಕಾಗುತ್ತವೆ. ಕ್ಯಾಂಟನ್‌ನ ಆ ಹದಿನಾಲ್ಕು ಮನೆಗಳಲ್ಲಿ ಅವಳು ಇನ್ನೊಮ್ಮೆ ತಲೆ ಎತ್ತುವಂತಿಲ್ಲ.

ಮಧ್ಯಾಹ್ನವಿಡೀ ಎಲ್ಲ ದಿಕ್ಕಿನಿಂದ ಯೋಚಿಸಿದೆ. ಸತ್ಯವನ್ನು ಪೂರ್ತಿ ಹೇಳಿಯೂ ಅವಳನ್ನು ಉಳಿಸುವ ವಾಕ್ಯ ಸಿಗಲಿಲ್ಲ. ನಲವತ್ತು ವರ್ಷ ಮಾತನ್ನೇ ನೆಚ್ಚಿಕೊಂಡವನಿಗೆ ಒಂದು ವಾಕ್ಯ ಸಿಗುತ್ತಿಲ್ಲ. ಸಿಟ್ಟಿನಿಂದ ಗ್ಯಾರೇಜಿಗೆ ಹೋಗಿ ಅಂಚೆಪೆಟ್ಟಿಗೆಯ ಕಂಬಕ್ಕೆ ಹೊಸ ಕಟ್ಟಿಗೆ ಕೊಯ್ದೆ. ಅಳತೆ ತಪ್ಪಿತು. ಮತ್ತೆ ಕೊಯ್ದೆ.

ಫೆಬ್ರವರಿ 22, ಭಾನುವಾರ

ಇಂದು ನಾಲ್ಕು ಗಂಟೆಗೆ ಮೂವರೂ ಅಡುಗೆಮನೆಯಲ್ಲಿದ್ದೆವು. ತಾಹೇರಾ ರೊಟ್ಟಿ ಬಡಿಯುತ್ತಿದ್ದಳು. ಪದ್ಮ ಬಡಿಯಲು ಹೋಗಿ ಅದನ್ನು ಭೂಪಟ ಮಾಡಿದಳು. “ಇದ್ಯಾವ ದೇಶರೀ ಅಕ್ಕಾರ?” ಎಂದು ತಾಹೇರಾ ಕೇಳಿದಳು. ನಾಲ್ಕು ಕಳೆದು ಹತ್ತು ನಿಮಿಷವಾದದ್ದು ಆಮೇಲೆ ಗಮನಕ್ಕೆ ಬಂತು.

ವರದಿ ಸಿದ್ಧವಾಗಿದೆ. ಇನ್ನೂರ ಇಪ್ಪತ್ತನಾಲ್ಕು ಬಾರಿಯಲ್ಲಿ ಸಾಧನ ಒಮ್ಮೆಯೂ ತಪ್ಪಿಲ್ಲ. ತಡೆದ ಮೂರೂ ದಿನ ಸರಿಯಾಗಿಯೇ ತಡೆದಿದೆ. ಅಳತೆಗಳು, ಇಳಿಯುವ ಗೆರೆ, ಎಲ್ಲವನ್ನೂ ಲಗತ್ತಿಸಿದ್ದೇನೆ. ಹನ್ನೊಂದು ಪುಟಗಳನ್ನು ಬರೆದವನು ನಾನೆಂದೂ, ಅದರ ಆರು, ಏಳನೆಯ ಪುಟಗಳನ್ನು ಈ ಪರೀಕ್ಷೆ ಸಮರ್ಥಿಸುವುದಿಲ್ಲವೆಂದೂ ಸೇರಿಸಿದ್ದೇನೆ. ಸಂಖ್ಯೆಗಳೆಲ್ಲ ನಿಜ. ಒಂದು ಅಂಕಣ ಬಿಟ್ಟು.

ಆ ಮೂರು ಭಾನುವಾರ ಹೆಂಡತಿಯ ಕೀ ತೆಗೆದುಕೊಂಡು ಕಾರಿನಲ್ಲಿ ಕುಳಿತವನು ನಾನು ಎಂದು ಬರೆದಿದ್ದೇನೆ. ಜನವರಿ ಹನ್ನೊಂದರಂದು ಆಮೇಲೆ ನನ್ನ ಕೀಗೆ ಬಂದ ಹಸಿರು ಅವಳ ಬೆರಳಿನದು ಎಂದೂ. ಮಿತಿ ಮೀರಿ ಕುಡಿದಿದ್ದವನೂ ನಾನೇ, ಕರಡಿನಲ್ಲಿ ಅದನ್ನು ಮುಚ್ಚಿಟ್ಟು ಹೆಂಡತಿಯ ಮೇಲೆ ಹಾಕಿದವನೂ ನಾನೇ. ಕೆಳಗೆ ಸಹಿ ಹಾಕಿದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ದೇವ್‌ಗೆ ಹೋಗುತ್ತದೆ. ಮಧ್ಯಾಹ್ನದೊಳಗೆ ಕೆಲಸ ಹೋಗುತ್ತದೆ. ವಾರದೊಳಗೆ ಅರೋರಾದ ಸಭಾಂಗಣದಲ್ಲಿದ್ದವರಿಗೆಲ್ಲ ಸುದ್ದಿ ಮುಟ್ಟುತ್ತದೆ. ಮುನೀರ್ ನಂಬುವುದಿಲ್ಲ, ಜಗಳಕ್ಕೆ ಬರುತ್ತಾನೆ. ಬರಲಿ. ಅವನ ಕಟ್ಟಿನಲ್ಲಿ ಮೊದಲ ಪತ್ರ ಪದ್ಮಳದೇ ಇರುತ್ತದೆ, ಅವಳು ಹೋಗಿ ಮಾತಾಡುತ್ತಾಳೆ, ಅವಳನ್ನು ಯಾರೂ ಏನೂ ಕೇಳುವಂತಿಲ್ಲ.

ತನ್ನ ಹೆಸರೇ ಬರೆಯಬೇಕೆಂದು ಅವಳು ಇಂದೂ ಎರಡು ಬಾರಿ ಹೇಳಿದಳು. ಹೂಂ ಎಂದೆ. ಬರೆದಾಗಿದೆ, ಅವಳನ್ನು ಕೇಳಿಲ್ಲ, ಕೇಳುವುದೂ ಇಲ್ಲ.